ಹತ್ತಡಿ ಪೈಪು

ಕೆರೆಯ ತಳಕ್ಕೆ ಊರಿದ ಪೈಪೇನೋ ಗಟ್ಟಿಯಾಗಿ ನಿಂತಿತು, ಅದಕ್ಕೆ ಕಟ್ಟಿದ ದೋಣಿ ಮಾತ್ರ ಗಾಳಿಗೆ ಅಡ್ಡ ತಿರುಗಿತು. ಅಲೆ ಬದಿಗೆ ಬಡಿದು ಎರಡು ಕೊಡದಷ್ಟು ನೀರು ಒಳಗೆ ಬಂತು. ಶೇಷಮ್ಮ ಬಲೆ ಬಿಟ್ಟು ಹಗ್ಗ ಬಿಚ್ಚಿದಳು.

"ಹಗ್ಗಕ್ಕ ಕಲ್ಲು ಕಟ್ಟಿ ಒಗಿ ಅಂದ್ರ ಕೇಳಂಗಿಲ್ಲ!" ಎಂದು ದಡದಿಂದ ಕೂಗಿದವನು ಅವಳ ಗಂಡ ಹುಲಿಗೆಪ್ಪ. ಹೋದ ವಾರ ಮೆಟ್ಟಿಲ ಮೇಲೆ ಜಾರಿ ಅವನ ಬಲಗೈ ಮುರಿದಿತ್ತು. ಡಾಕ್ಟರು ಪಟ್ಟಿ ಹಾಕಿದ್ದು ಕೈಗೆ, ಬಾಯಿಗಲ್ಲ. "ನಮ್ಮೂರಾಗ ಹರಗೋಲು ಕಲ್ಲಿನ ಮ್ಯಾಲೇ ನಿಲ್ತಿದ್ದಿಲ್ಲೇನು?"

"ಅದು ಹೊಳಿ, ಇದು ರಾಡಿ! ನಿನ್ನಿ ನಿನ್ನ ಕಲ್ಲು ಜಾರಿದ್ದು ಕಂಡಿಲ್ಲೇನು? ಸುಮ್ಮ ಕುಂದ್ರು!"

ಅವನ ಪಕ್ಕದಲ್ಲಿ ಸನಾವುಲ್ಲಾ ಗಡಿಯಾರ ನೋಡುತ್ತಾ ನಿಂತಿದ್ದರು. ಕೆ.ಆರ್. ಪುರದ ಆಚೆಯ ಆ ಕೆರೆಯಲ್ಲಿ ಮೀನು ಹಿಡಿಸುವ ಗುತ್ತಿಗೆದಾರರ ಮೇಸ್ತ್ರಿ ಅವರು. ಒಬ್ಬರು ಹುಟ್ಟು ಹಿಡಿದು ದೋಣಿ ನಿಲ್ಲಿಸಬೇಕು, ಇನ್ನೊಬ್ಬರು ಬಲೆ ಎತ್ತಬೇಕು, ದೋಣಿಗೆ ಇಬ್ಬರು ಎಂಬುದು ಅಲ್ಲಿಯ ನಿಯಮ. ಸನಾವುಲ್ಲಾ ಕೆಟ್ಟ ಮನುಷ್ಯರೇನಲ್ಲ. ಬೆಳಿಗ್ಗೆಯೇ ಹೇಳಿದ್ದರು: "ಒಬ್ರೇ ಹೋಗಿ ನೀರಲ್ಲಿ ನಿಮ್ಗೇನಾದ್ರೂ ಆದ್ರೆ ನನ್ ತಲೆಗೆ ಬರುತ್ತಮ್ಮ. ಎಂಟೂವರೆ ತನಕ ನೋಡ್ತೀನಿ. ಬಲೆ ಹರೀದಂಗೆ ಪೂರ್ತಿ ಎತ್ಕೊಂಡ್ ಬಂದ್ರೆ ದೋಣಿ ನಿಮ್ದೇ. ಇಲ್ಲಾಂದ್ರೆ ಈ ದೋಣಿಗೆ ಉಮೈರೂ ಅವರಣ್ಣಾನೂ ಕಾಯ್ತಾ ಇದಾರೆ."

ಕೈಬಿಟ್ಟ ದೋಣಿ ಮತ್ತೆ ಸಿಗುವುದೆಂದರೆ ಸುಳ್ಳು. ಸಿಗದಿದ್ದರೆ ಮಾರತ್ತಹಳ್ಳಿಯ ಕಟ್ಟಡಗಳಿದ್ದೇ ಇವೆ. ರಾಯಚೂರಿನಿಂದ ಬಂದ ಮೊದಲ ಮೂರು ವರ್ಷ ಶೇಷಮ್ಮ ಅಲ್ಲಿ ಇಟ್ಟಿಗೆ ಹೊತ್ತಿದ್ದಳು. ನೀರಿಗೆ ಬಂದ ದಿನ ತನ್ನ ತವರಿಗೇ ಬಂದಂತಾಗಿ ಅತ್ತುಬಿಟ್ಟಿದ್ದಳು. ಇನ್ನು ಇಟ್ಟಿಗೆ ಹೊರುವುದಿಲ್ಲ, ಏನಾದರಾಗಲಿ ಎಂದು ಅವಳು ಹಟ ಹಿಡಿದಿದ್ದಳು.

ಪೈಪು ಅವಳದೇ ಉಪಾಯ. ಹೂಳಿನಲ್ಲಿ ಸಿಕ್ಕಿಕೊಂಡ ಬಿದಿರಿನ ಗಳ ಕೀಳಲಾಗದೆ ಹುಲಿಗೆಪ್ಪ ಒಮ್ಮೆ ಒದ್ದಾಡಿದ್ದ. ಗಳವನ್ನು ಅಷ್ಟು ಗಟ್ಟಿ ಹಿಡಿಯುವ ನೆಲ ದೋಣಿಯನ್ನು ಯಾಕೆ ಹಿಡಿಯಬಾರದು? ನಿನ್ನೆ ಶಿವಾಜಿನಗರದ ಮುಕ್ತಾರನ ಗುಜರಿ ಅಂಗಡಿಗೆ ಹೋಗಿ ಹತ್ತಡಿಯ ಕಬ್ಬಿಣದ ಪೈಪು ಆರಿಸಿ, ತುದಿ ಚೂಪು ಮಾಡಿಸಿ, ತಲೆಗೊಂದು ಅಡ್ಡಹಿಡಿ ಬೆಸುಗೆ ಹಾಕಿಸಿಕೊಂಡು ಬಂದಿದ್ದಳು. "ಬೋರ್‌ವೆಲ್ಲೇನಕ್ಕಾ?" ಎಂದು ಮುಕ್ತಾರ್ ನಕ್ಕಿದ್ದ.

ಪೈಪು ನಿಂತಿದೆ, ದೋಣಿ ಯಾಕೆ ಹೀಗೆ ತಿರುಗುತ್ತದೆ? ಬೋಗುಣಿಯಿಂದ ನೀರು ಚೆಲ್ಲುತ್ತಾ ಶೇಷಮ್ಮ ದೋಣಿಯನ್ನೇ ನೋಡಿದಳು. ಹಗ್ಗ ಕಟ್ಟಿದ್ದು ದೋಣಿಯ ನಡುವಿನ ಅಡ್ಡಪಟ್ಟಿಗೆ. ಹರಗೋಲಿಗೆ ಎಲ್ಲಿ ಕಟ್ಟಿದರೂ ಒಂದೇ, ದುಂಡಗಿನ ಬುಟ್ಟಿಗೆ ಹಿಂದೇನು, ಮುಂದೇನು! ಇದು ಉದ್ದನೆಯ ಫೈಬರ್ ದೋಣಿ, ಇದಕ್ಕೆ ಮೂತಿಯಿದೆ.

"ಅಯ್ಯ ನನ್ನ ಬುದ್ಧಿಗಿಷ್ಟು!" ಎಂದು ಅವಳು ತಲೆ ಚಚ್ಚಿಕೊಂಡಳು.

ಪೈಪು ಕಿತ್ತು ದೋಣಿಗೆ ಹಾಕಿಕೊಂಡು, ಗಾಳಿ ಬರುವ ಕಡೆಗೆ, ಬಲೆ ಶುರುವಾಗುವಲ್ಲಿಗೆ ಹುಟ್ಟು ಹಾಕಿಕೊಂಡು ಹೋದಳು. ಮೂತಿಯ ಹತ್ತಿರ ನಿಂತು ಪೈಪು ಇಳಿಬಿಟ್ಟಳು. ಮೊದಲು ಮೆತ್ತಗೆ, ಆಮೇಲೆ ಪ್ಲಾಸ್ಟಿಕ್ಕೋ ಏನೋ ತಡೆಯಿತು. ಮೈಭಾರವೆಲ್ಲ ಬಿಟ್ಟು ಒತ್ತಿ ತಿರುಗಿಸಿದಳು. ಹೂಳು ದಾಟಿ ಹಳೆಯ ಕೆರೆಯ ಜೇಡಿಮಣ್ಣು ಸಿಕ್ಕಿದ್ದು ಅಂಗೈಗೆ ತಿಳಿಯಿತು. ಪೈಪಿನ ಹಗ್ಗವನ್ನು ಈ ಸಲ ಮೂತಿಯ ಬಳೆಗೆ ಕಟ್ಟಿದಳು. ದೋಣಿ ಒಮ್ಮೆ ಬಾಲ ಆಡಿಸಿ ಗಾಳಿಗೆ ನೇರವಾಗಿ ನಿಂತಿತು.

ನಿಂತೇಬಿಟ್ಟಿತು.

ಎರಡೂ ಕೈಯಿಂದ ಬಲೆ ಎಳೆದಳು. ಜಿಲೇಬಿ ಮೀನು, ನಡುವೆ ಒಂದು ಕಾಟ್ಲಾ. ಬಿಡಿಸಿ ಬುಟ್ಟಿಗೆ ಹಾಕಿದಳು. ದೋಣಿಯ ಉದ್ದದಷ್ಟು ಬಲೆ ಮುಗಿದೊಡನೆ ಪೈಪು ಕಿತ್ತಳು. ಗಾಳಿಯೇ ದೋಣಿಯನ್ನು ಬಲೆಯ ಗುಂಟ ತಳ್ಳಿತು, ಮತ್ತೆ ಊರಿದಳು. ಇಷ್ಟು ಹೊತ್ತು ಕಾಡಿದ ಗಾಳಿ ಈಗ ಕೂಲಿಯಾಳಾಗಿತ್ತು. ಹನ್ನೊಂದು ಸಲ ಊರಿ, ಹನ್ನೊಂದು ಸಲ ಕಿತ್ತಳು. ಕೊನೆಕೊನೆಗೆ ಹಿಡಿ ಮುಟ್ಟಿದರೆ ಅಂಗೈ ಉರಿಯುತ್ತಿತ್ತು. ದಡದಿಂದ ಕೂಗು ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ.

ದಡ ಮುಟ್ಟಿದಾಗ ಎಂಟು ಇಪ್ಪತ್ತು. ಸನಾವುಲ್ಲಾ ಬಲೆಯನ್ನು ಗೇಣುಗೇಣು ಬೆರಳಾಡಿಸಿ ನೋಡಿದರು. ಎಲ್ಲೂ ಹರಿದಿರಲಿಲ್ಲ.

"ಅರೇ, ಉಮೈರ್‌ಗೆ ಏನ್ ಹೇಳ್ಲಿ ನಾನೀಗ?"

"ಇನ್ನೊಂದು ದೋಣಿ ನೋಡ್ಕೋ ಅಂತ ಹೇಳ್ರೀ" ಎಂದಳು ಶೇಷಮ್ಮ.

ಅವರು ನಕ್ಕರು. "ನಾಳೆ ಐದೂವರೆಗೆ ಬಂದ್ಬಿಡಿ. ಆ ಪೈಪು ಮರೀಬೇಡಿ ಮತ್ತೆ."

ಮೀನು ತೂಗಿಸಿ ಬರುವಷ್ಟರಲ್ಲಿ ಹುಲಿಗೆಪ್ಪ ಪೈಪನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. ಕೆಸರು ತೊಳೆದಾಗಿತ್ತು. ಹಳೆಯ ಸೈಕಲ್ ಟ್ಯೂಬಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಎಡಗೈಯಿಂದ ಅಡ್ಡಹಿಡಿಗೆ ಬಿಗಿಯಾಗಿ ಸುತ್ತುತ್ತಿದ್ದ. ಅವಳು ಬಂದು ನಿಂತರೂ ಮಾತಾಡಲಿಲ್ಲ; ಬಾಯಿ ತುಂಬ ಟ್ಯೂಬಿತ್ತು.