ಮಾರಾಟದ ಹಲಗೆ ಕಟ್ಟಿಕೊಂಡು ಘಾಟಿ ಹತ್ತಿದ್ದು

ಬಸ್ಸು ನಡುವಿನಲ್ಲಿ ಮಡಚಿಕೊಳ್ಳುವುದಿಲ್ಲ, ಟ್ರೇಲರ್ ಕಟ್ಟಿದ ಗಾಡಿ ಮಡಚಿಕೊಳ್ಳುತ್ತದೆ. ನನ್ನ ಗಂಡ ಆರಿನ್‌ನ ವಾದವೆಲ್ಲ ಇಷ್ಟರಲ್ಲೇ ಮುಗಿಯುತ್ತಿತ್ತು. ಕೊಲೊರಾಡೊದ ಹಿಮದಲ್ಲಿ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಒಂದು ಮಗುವಿನ ಮೂಗೂ ತರಚಿದ್ದಿಲ್ಲ. ಆದರೂ ಇಪ್ಪತ್ತನಾಲ್ಕು ಅಡಿಯ ನಮ್ಮ ಟ್ರೇಲರ್ ಮನೆಯನ್ನು ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಅಧಿಕಾರ ಮೂವತ್ತೊಂದು ಬೇಸಿಗೆಯೂ ಅವನದೇ. ನನ್ನ ಪಾಲಿಗೆ ಪಕ್ಕದ ಸೀಟು, ಫ್ಲಾಸ್ಕಿನ ಕಾಫಿ ಮತ್ತು ವರದಿ ಒಪ್ಪಿಸುವ ಕೆಲಸ. ಈಗ ಜಲಪಾತ ಬಂತು, ಈಗ ಕೆಂಪು ಬೆಟ್ಟ ಬಂತು, ಮೇಲೆ ಇನ್ನೂ ಹಿಮ ಇದೆ ಎಂದು ಹೇಳುತ್ತಾ ಹೋಗಬೇಕು. ಎಳೆಯುವವನಿಗೆ ರಸ್ತೆ ಬಿಟ್ಟು ಬೇರೆ ಏನನ್ನೂ ನೋಡಲು ಪುರುಸೊತ್ತಿರುವುದಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಅವನ ಕಣ್ಣು ಕೈಕೊಟ್ಟಿತು. ಅಂಚಿನಲ್ಲಿ ಇರುವುದು ಮಸುಕಾಗಿ ಕಾಣುತ್ತದೆ, ನಡುವೆ ಇರುವುದು ಕಾಣುವುದಿಲ್ಲ. ಲೈಸೆನ್ಸು ಹೋಯಿತು. ಅದೇ ವಾರ ತನ್ನ ತಮ್ಮ ಡೆಲ್ಬರ್ಟ್‌ಗೆ ಫೋನು ಮಾಡಿ ಟ್ರೇಲರ್ ಮಾರಿಬಿಡು ಎಂದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಡೆಲ್ಬರ್ಟ್ ಮಹಾ ಉಪಕಾರಿ. ಮರುದಿನವೇ ಒಂದು ಪ್ಲೈವುಡ್ ಹಲಗೆಯ ಮೇಲೆ "ಮಾರಾಟಕ್ಕಿದೆ" ಎಂದು ಕೆಂಪು ಬಣ್ಣದಲ್ಲಿ ಬರೆದು, ಟ್ರೇಲರಿನ ಹಿಂಬದಿಯ ಏಣಿಗೆ ತಂತಿಯಲ್ಲಿ ಬಿಗಿದ. ನನಗೆ ಮೈ ಉರಿದುಹೋಯಿತು.

"ಕಣ್ಣು ಹೋಗಿರೋದು ನಿಂದು, ಕೈ ಹೋಗಿರೋದು ನಂದಲ್ಲ," ಎಂದೆ ಆರಿನ್‌ಗೆ. "ಔರೇಯಿಂದ ಘಾಟಿ ದಾಟಿಸಿ ಸಿಲ್ವರ್ಟನ್‌ಗೆ ನಾನೇ ಎಳ್ಕೊಂಡ್ ಹೋಗ್ತೀನಿ. ಹೊಳೆ ಪಕ್ಕದ ನಮ್ಮ ಜಾಗದಲ್ಲಿ ನಿಲ್ಸಿದ್ರೆ ಆ ಹಲಗೆ ಕೆಳಗಿಳೀಬೇಕು. ದಾರೀಲಿ ಎಲ್ಲಾದ್ರೂ ಸ್ಟೀರಿಂಗ್ ಬಿಟ್ಕೊಟ್ರೆ, ಮಾರ್ಕೊಳ್ಳಿ."

"ನಿನ್ನ ಹಠ ಒಂದು, ವರ್ಲಾ," ಎಂದ. ಬೇಡವೆನ್ನಲಿಲ್ಲ.

ಜೂನ್ ಹತ್ತರ ಬೆಳಿಗ್ಗೆ, ಟ್ರೇಲರ್ ನಿಂತಿದ್ದ ಔರೇಯ ಬಿಡಾರದಲ್ಲಿ ಕೊಂಡಿ ಹಾಕಲು ಕೂತೆ. ಪಿಕಪ್ಪಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಮೂತಿಯನ್ನು ಕೂರಿಸಿ, ಚಿಲಕ ಒತ್ತಿ, ಚಿಲಕ ಏಳದಂತೆ ಪಿನ್ನು ತೂರಿಸಿ, ಆಮೇಲೆ ಸರಪಳಿ, ದೀಪದ ತಂತಿ, ಬ್ರೇಕಿನ ತಂತಿ. ನಮ್ಮ ಟ್ರೇಲರ್ ಮಂದಿಯಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಕೊಂಡಿ ಹಾಕುವವರನ್ನು ಯಾರೂ ಮಾತಾಡಿಸುವುದಿಲ್ಲ. ಹಾಯ್ ಎನ್ನುವುದೂ ತಪ್ಪು. ಯಾರಾದರೂ ಬಾಯಿ ಬಿಟ್ಟರೆ, ಹಾಕಿದ್ದನ್ನೆಲ್ಲ ಬಿಚ್ಚಿ ಮೊದಲಿನಿಂದ ಹಾಕಬೇಕು.

ನಾನು ಚಿಲಕ ಒತ್ತುವುದಕ್ಕೂ ಡೆಲ್ಬರ್ಟ್ ಡೋನಟ್ ತಿನ್ನುತ್ತಾ ಬರುವುದಕ್ಕೂ ಸರಿಹೋಯಿತು. ನಮ್ಮ ಹಿಂದೆಯೇ ತನ್ನ ಪಿಕಪ್ಪಿನಲ್ಲಿ ಬರುತ್ತೇನೆ ಎಂದು ಹೊರಟು ನಿಂತಿದ್ದ.

"ಅತ್ತಿಗೆ, ಆ ರಸ್ತೆಗೆ ತಡೆಗೋಡೆ ಇಲ್ಲ, ನೆನಪಿದ್ಯಾ?"

"ಹಿಮ ತಳ್ಳೋಕೆ ಜಾಗ ಬೇಕು ಅಂತ ಕಟ್ಟಿಲ್ಲ. ಗೊತ್ತು."

"ಹೋಗುವಾಗ ಪ್ರಪಾತದ ಕಡೆ ಲೇನು ನಿಮ್ದೇ."

"ಬಾಯಿ ತುಂಬ ಡೋನಟ್ ಇಟ್ಕೊಂಡೂ ಇಷ್ಟು ಮಾತು ಹೇಗೋ ಬರುತ್ತೆ ನಿಂಗೆ?"

ಅವನು ನಕ್ಕ. ನಾನು ಸರಪಳಿ ಹಾಕಿದೆ. ಬಿಚ್ಚಿ ಮೊದಲಿನಿಂದ ಹಾಕಬೇಕಿತ್ತು. ಹಾಕಲಿಲ್ಲ. ಅವನೆದುರು ಮತ್ತೆ ಮೊಣಕಾಲೂರಲು ನನಗೆ ಮನಸ್ಸಿರಲಿಲ್ಲ.

ಊರು ದಾಟುತ್ತಿದ್ದಂತೆ ರಸ್ತೆ ಏರತೊಡಗಿತು. ಎಡಕ್ಕೆ ಬಂಡೆ. ಬಲಕ್ಕೆ ಒಂದು ಬಿಳಿ ಗೆರೆ, ಅದರಾಚೆಗೆ ಗಾಳಿ. ಆ ಗಾಳಿಯ ಪಕ್ಕದಲ್ಲಿ ಆರಿನ್ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಏನ್ ಕಾಣ್ತಿದೆ ಈಗ?" ಎಂದ.

"ಬಿಳಿ ಗೆರೆ."

"ಅದಲ್ವೇ. ಬೆಟ್ಟ, ಹಿಮ..."

"ಮಾರಾಯ, ಎಳೀತಿರೋಳು ನಾನು. ಬೆಟ್ಟ ನೋಡ್ತಾ ಕೂತ್ರೆ ನಿನ್ನನ್ನ ಬೆಟ್ಟದಿಂದ ಎತ್ಕೊಂಡ್ ಬರ್ಬೇಕಾಗುತ್ತೆ."

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಆ ಕಿಟಕಿಗಳಾಚೆ ಇದ್ದದ್ದನ್ನು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ನನಗೆ ಅಳು ಬಂದಂತಾಯಿತು, ಸಿಟ್ಟೂ ಬಂತು.

ಎರಡನೆಯ ದೊಡ್ಡ ತಿರುವಿನಲ್ಲಿ ಹಿಂದಿನಿಂದ 'ಠಕ್' ಎಂದಿತು. ದೊಡ್ಡ ಸದ್ದೇನಲ್ಲ. ಒಲೆಯ ಮೇಲಿನ ಪಾತ್ರೆ ಬಿದ್ದಿರಬಹುದು. ಮತ್ತೊಂದು ತಿರುವು, ಮತ್ತೆ 'ಠಕ್'. ಮುಂದೆ ಜಲಪಾತದ ಹತ್ತಿರ ಗಾಡಿ ನಿಲ್ಲಿಸಲು ಜಾಗವಿದೆ. ಕನ್ನಡಿಯಲ್ಲಿ ಡೆಲ್ಬರ್ಟ್‌ನ ಪಿಕಪ್ಪು. ನಾಲ್ಕು ಮೈಲಿಗೇ ನಿಂತರೆ ಅತ್ತಿಗೆ ಹೆದರಿದಳು ಎಂದು ಊರಿಗೆಲ್ಲ ಸಾರುತ್ತಾನೆ. ಸಾರಲಿ. ನಾನು ಸಿಗ್ನಲ್ ಹಾಕಿ ನಿಲ್ಲಿಸಿದೆ.

ಚಿಲಕ ಅರ್ಧ ಎದ್ದು ನಿಂತಿತ್ತು. ಪಿನ್ನು ಇರಲಿಲ್ಲ. ಎದೆಯ ಜೇಬಿಗೆ ಕೈ ಹಾಕಿದೆ. ಅಲ್ಲಿತ್ತು.

ಇನ್ನೊಂದು ಕುಲುಕಿಗೆ ಟ್ರೇಲರ್ ಗುಂಡಿನಿಂದ ಹಾರಿ ಸರಪಳಿಯಲ್ಲಿ ಜೋತಾಡುತ್ತಿತ್ತು, ಆ ಅಂಚಿನಲ್ಲಿ, ಆರಿನ್ ಕೂತ ಕಡೆಗೆ.

ಡೆಲ್ಬರ್ಟ್ ಓಡಿಬಂದ. ನೋಡಿದ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ. "ಅತ್ತಿಗೆ, ಕೀ ಕೊಡಿ. ಮುಗೀತು ಆಟ."

"ಪಿನ್ನು ಮರೆತಿದ್ದು ನಾನು. ತಪ್ಪು ನಂದೇ," ಎಂದೆ. "ಆದ್ರೆ ಪಂದ್ಯ ಇದ್ದಿದ್ದು ಸ್ಟೀರಿಂಗ್ ಬಿಟ್ಕೊಡೋದಕ್ಕೆ. ನಾನು ಬಿಟ್ಕೊಟ್ಟಿಲ್ಲ. ನಿಲ್ಸಿದ್ದೀನಿ. ನಿಲ್ಸೋದು ಬೇರೆ, ಬಿಡೋದು ಬೇರೆ."

"ಅಣ್ಣಾ, ನೀನಾದ್ರೂ ಹೇಳೋ!"

ಆರಿನ್ ಪಿಕಪ್ಪನ್ನು ಸವರುತ್ತಾ ಬಂದು ಬಗ್ಗಿದ. ಬೆರಳಿನಿಂದ ಚಿಲಕ ಮುಟ್ಟಿದ, ಗುಂಡು ಮುಟ್ಟಿದ, ಪಿನ್ನಿನ ಖಾಲಿ ತೂತು ಮುಟ್ಟಿದ. ಇವತ್ತಿಗೆ ಟ್ರೇಲರಿನ ಕಥೆ ಮುಗಿಯಿತು ಎಂದುಕೊಂಡೆ.

"ನಾವು ಗನಿಸನ್‌ಗೆ ಹೋಗಿದ್ವಲ್ಲ, ಆ ವರ್ಷ," ಎಂದ ನಿಧಾನವಾಗಿ, "ಪಿನ್ನು ನನ್ನ ಜೇಬಲ್ಲೇ ಇತ್ತು. ದಾರಿಯುದ್ದಕ್ಕೂ. ಸದ್ದು ನಂಗೂ ಕೇಳಿಸ್ತಿತ್ತು. ನಾನು ನಿಲ್ಸಲಿಲ್ಲ."

"ನಂಗೆ ಹೇಳ್ಲೇ ಇಲ್ಲ?"

"ಹೇಳಿದ್ರೆ ನೀನು ಮತ್ತೆ ಹತ್ತುತ್ತಿದ್ಯಾ?"

ಇಷ್ಟು ವರ್ಷ ಈ ಮನುಷ್ಯನ ಪಕ್ಕದಲ್ಲಿ ಕೂತು ಕಾಫಿ ಬಗ್ಗಿಸಿ ಕೊಟ್ಟಿದ್ದೆನಲ್ಲ! ಅಲ್ಲೇ ನಾಲ್ಕು ಮಾತು ಆಡಬಹುದಿತ್ತು. ಆಡಲಿಲ್ಲ, ಕೆಲಸವಿತ್ತು. ಸರಪಳಿ ಬಿಚ್ಚಿದೆ, ತಂತಿ ಕಿತ್ತೆ, ಜಾಕಿ ಇಳಿಸಿ ಮೂತಿಯನ್ನು ಮೇಲೆತ್ತಿದೆ. ಎಲ್ಲವೂ ಮೊದಲಿನಿಂದ. ಡೆಲ್ಬರ್ಟ್ ಏನೋ ಹೇಳಲು ಬಾಯಿ ತೆರೆದ.

"ಶ್!" ಎಂದ ಆರಿನ್. "ಕೊಂಡಿ ಹಾಕ್ತಿದ್ದಾಳೆ."

ಡೆಲ್ಬರ್ಟ್ ಬಾಯಿ ಮುಚ್ಚಿದ. ಪಿನ್ನು ತೂರಿಸಿ ಎರಡು ಸಲ ಜಗ್ಗಿ ನೋಡಿದೆ.

ಆಮೇಲಿನ ದಾರಿಯಲ್ಲಿ ಸದ್ದಿಲ್ಲ. ಹನ್ನೊಂದು ಸಾವಿರ ಅಡಿಯ ನೆತ್ತಿ ದಾಟಿ, ಕೆಳ ಗೇರಿನಲ್ಲಿ, ಬ್ರೇಕನ್ನು ಆಗಾಗ ಮಾತ್ರ ಮುಟ್ಟುತ್ತಾ ಇಳಿದೆ. ಹಿಂದೆ ಹತ್ತು ಕಾರು ಸಾಲುಗಟ್ಟಿ ಹಾರನ್ ಹೊಡೆದವು. ಹೊಡೆಯಲಿ ಬಿಡಿ. ನಲವತ್ತು ಮಕ್ಕಳ ಕೂಗಾಟ ಕೇಳಿಯೇ ಬೆಳೆದ ಕಿವಿ ನನ್ನದು.

ಸಿಲ್ವರ್ಟನ್‌ನ ಬಿಡಾರದಲ್ಲಿ ಹೊಳೆ ಪಕ್ಕದ ನಮ್ಮ ಜಾಗ ಇಕ್ಕಟ್ಟು. ಟ್ರೇಲರನ್ನು ರಿವರ್ಸಿನಲ್ಲೇ ಒಳಗೆ ಸೇರಿಸಬೇಕು. ಹೊಸಬರು ರಿವರ್ಸ್ ತೆಗೆದುಕೊಳ್ಳುತ್ತಾರೆಂದರೆ ಅಕ್ಕಪಕ್ಕದವರು ಕುರ್ಚಿ, ಬಿಯರು ತಂದು ನೋಡಲು ಕೂರುತ್ತಾರೆ. ಗಂಡ ಹೆಂಡಿರ ಜಗಳ ಪುಕ್ಕಟೆ ಸಿಗುತ್ತದಲ್ಲ! ಮೂವತ್ತೊಂದು ವರ್ಷ ಹಿಂದೆ ನಿಂತು ಕೈ ಬೀಸಿ, "ಎಡಕ್ಕೇ, ನಿನ್ನ ಎಡ ಅಲ್ವೇ, ನನ್ನ ಎಡ!" ಎಂದು ಬೈಸಿಕೊಂಡವಳು ನಾನು. ಈಗ ಹಿಂದೆ ನಿಲ್ಲಬೇಕಾದವನು ಆರಿನ್. ಅವನು ಟ್ರೇಲರಿನ ಹಿಂಬದಿಯ ಮೂಲೆಗೆ ಅಂಗೈ ಒತ್ತಿ, ಅದರ ಜೊತೆಗೇ ಹೆಜ್ಜೆ ಹಾಕಿದ. ನಾನು ಅವನನ್ನು ಕನ್ನಡಿಯಿಂದ ಜಾರಗೊಡಲಿಲ್ಲ. ಕೊನೆಗೆ ತಗಡಿನ ಮೇಲೆ ಎರಡು ಸಲ ಬಡಿದ. ನಿಲ್ಲಿಸಿದೆ. ಒಂದೇ ಸಲಕ್ಕೆ ನೆಟ್ಟಗೆ ಕೂತಿತ್ತು. ಕುರ್ಚಿಯವರು ನಿರಾಸೆಯಿಂದ ಎದ್ದು ಹೋದರು.

ಇಳಿದು ಹೋಗಿ ನೋಡುತ್ತೇನೆ, ಆರಿನ್ ಏಣಿಯ ಹತ್ತಿರ ನಿಂತು ಬೆರಳಿನಿಂದ ತಂತಿ ಹುಡುಕಿ ಬಿಚ್ಚುತ್ತಿದ್ದ. ಹಲಗೆ ಕೈಗೆ ಬಂತು. ಅದರ ದಪ್ಪವನ್ನು ಹೆಬ್ಬೆರಳಿನಲ್ಲಿ ಅಳೆದು, ಟ್ರೇಲರನ್ನು ಸವರುತ್ತಾ ಮೂತಿಯ ಕಡೆಗೆ ಬಂದು, ಮೊಣಕಾಲೂರಿ, ಮೆತ್ತನೆಯ ನೆಲದ ಮೇಲೆ ಜಾಕಿಯ ಪಾದದಡಿಗೆ ತಳ್ಳಿದ.

"ಅಣ್ಣಾ! ಅದು ನಾನು ಬರೆದಿದ್ದು!"

"ಗೊತ್ತು ಕಣೋ. ದಪ್ಪ ಸರಿಯಾಗಿದೆ. ವರ್ಲಾ, ಇಳಿಸು."

ನಾನು ಜಾಕಿ ತಿರುಗಿಸಿದೆ. ಕೆಂಪು ಅಕ್ಷರಗಳ ಮೇಲೆ ಪಾದ ಊರಿತು. ನಮ್ಮ ಮನೆ ಅಲ್ಲಾಡದೆ ನಿಂತಿತು.

ಡೆಲ್ಬರ್ಟ್ ಹೋದ ಮೇಲೆ ಹೊಳೆಯ ದಡದಲ್ಲಿ ಕುರ್ಚಿ ಹಾಕಿ, ಹಂದಿಮಾಂಸದ ಸ್ಯಾಂಡ್‌ವಿಚ್ಚು ಕೈಗೆ ಕೊಟ್ಟೆ. ಅವನು ಕಚ್ಚಿ, ಅಗಿದು ಹೇಳಿದ, "ಈಗ ಹೇಳು. ದಾರಿ ಹೇಗಿತ್ತು?"

"ನಾನೆಲ್ಲಿ ನೋಡಿದೆ? ಬಿಳಿ ಗೆರೆ ಇತ್ತು."

ಅವನು ಬೆರಳಿಗೆ ಅಂಟಿದ್ದನ್ನು ನೆಕ್ಕಿದ.

"ಹಾಗಾದ್ರೆ ನಾಳೆ ಮತ್ತೆ ಎಳ್ಕೊಂಡ್ ನಡಿ," ಎಂದ. "ಎಲ್ಲೆಲ್ಲಿ ಜಾಗ ಇದ್ಯೋ ಅಲ್ಲೆಲ್ಲ ನಿಲ್ಸು. ನೋಡಿ ನೋಡಿ ಹೇಳು."