ಕಾಲರ್ ಹೊಲಿಯುವವಳ ಮಗಳು

"ಅಜ್ಜೀ, ಫೋನಮ್ಮ ಮಾತಾಡ್ತಿದಾಳೆ, ಬಾ!"

ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಹೆಣ್ಣುಮಗಳಿಗೆ ಅವಳ ನಾಲ್ಕು ವರ್ಷದ ಕೂಸು ಇಟ್ಟ ಹೆಸರದು. ಮಗು ಅಜ್ಜಿಯ ಊರಲ್ಲಿ ಬೆಳೆಯುತ್ತಿತ್ತು, ತಾಯಿಯ ಪರಿಚಯ ಫೋನಿನಲ್ಲಷ್ಟೇ. ಓಟಿ, ಅಂದರೆ ಹೊತ್ತು ಮೀರಿದ ದುಡಿತ, ಮಾಡದಿದ್ದರೆ ಹೊಟ್ಟೆ ತುಂಬದು. ಮಾಡಿದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಅದೇ ವಯಸ್ಸಿನ ಮಕ್ಕಳ ಫ್ರಾಕು ಕೈಗೆ ಬಂದರೆ ಮಿಷನ್ ಮೇಲಿನ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು. 'ಈ ಅಳತೆ ಅವಳಿಗೆ ಆಗುತ್ತೋ, ಚಿಕ್ಕದಾಗುತ್ತೋ?' ತಾಯಿಗೇ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಗುಂಡಿಯಕ್ಕ ಪಕ್ಕ ಬಂದು ಕೂತಳು. ಗುಂಡಿ ಹಾಕುವ ಕೆಲಸದವಳು, ಕಾರ್ಮಿಕ ಸಂಘದವಳು.

"ಸಂಬಳ ಜಾಸ್ತಿ ಕೇಳಿದ್ರೆ ಮಾಲೀಕರು ಏನಂತಾರೆ?"

"ಬಟ್ಟೆ ಕೊಳ್ಳೋ ಬ್ರಾಂಡಿನವರು ಕೊಡೋದೇ ಇಷ್ಟು ಅಂತಾರೆ ಅಕ್ಕಾ."

"ಹಾಗಾದ್ರೆ ಬ್ರಾಂಡಿನವರನ್ನೇ ಕೇಳೋಣ. ಬಟ್ಟೆ ಮೇಲಿರೋದು ಅವರ ಹೆಸರು ತಾನೆ? ಹೊಲಿಯೋರಿಗೆ ಬದುಕುವಷ್ಟು ಕೂಲಿ ಸಿಗ್ಬೇಕು ಅಂತ ತಮ್ಮ ನಿಯಮದಲ್ಲಿ ಅವರೇ ಬರೆದುಕೊಂಡಿದಾರೆ. ನಿನ್ನ ಸಂಬಳದ ಚೀಟಿ ತಾ, ಅವರಿಗೆ ಬರೆಯೋ ಪತ್ರಕ್ಕೆ ಸಹಿ ಹಾಕು."

ಗೋದಾಮಿನಲ್ಲಿ ಮೂಟೆ ಹೊರುವ ಗಂಡ ಒಪ್ಪಲಿಲ್ಲ. "ಗಾಳಿ ಗುದ್ದಿ ಮೈ ನೋಯಿಸ್ಕೋಬೇಡ. ಅಷ್ಟು ದೂರ ಕೂತೋರಿಗೆ ನಿನ್ನ ಕೂಗು ಕೇಳುತ್ತಾ? ಇರೋ ಕೆಲಸಾನೂ ಹೋದೀತು."

"ನಾನೊಬ್ಳೇ ಅಲ್ಲ ರೀ. ನಮ್ಮ ಮಿಷನ್ ಲೈನಿಗೆ ಲೈನೇ ಸಹಿ ಹಾಕಿದೆ."

ಪತ್ರ ಹೋಯಿತು. ಮೊದಲಿಗೆ ಉತ್ತರವಿಲ್ಲ. ಮತ್ತೆ ಬರೆದರು, ಮತ್ತೂ ಬರೆದರು. ಕೊನೆಗೆ ಬ್ರಾಂಡಿನ ಕಡೆಯ ಒಬ್ಬ ಹೆಂಗಸು ಬಂದಳು. "ಎಲ್ಲಾ ಚೆನ್ನಾಗಿದೆ ಅನ್ನಿ" ಎಂದು ಮ್ಯಾನೇಜರ್ ಮೊದಲೇ ಪಾಠ ಹೇಳಿಕೊಟ್ಟಿದ್ದ. ಸಂಘದವರು ಪಟ್ಟು ಹಿಡಿದು ಮಾತುಕತೆಯನ್ನು ಕಾರ್ಖಾನೆಯ ಹೊರಗೇ ಇಡಿಸಿದರು.

"ಕೂಲಿ ಕಾರ್ಖಾನೆಯವರ ಜವಾಬ್ದಾರಿ" ಎಂದಳು ಬಂದವಳು.

ಕಾಲರಿನವಳು ಎದ್ದು ನಿಂತಳು. "ಒಂದು ಹೊಲಿಗೆ ಸೊಟ್ಟಾದ್ರೆ ಮಾಲನ್ನೆಲ್ಲಾ ವಾಪಸ್ ಕಳಿಸ್ತೀರಲ್ಲಮ್ಮಾ. ಹೊಲಿಗೆ ನಿಮ್ಮದು, ಹೊಲಿಯೋಳು ಮಾತ್ರ ನಿಮ್ಮೋಳಲ್ವಾ? ನನ್ನ ಮಗಳು ನನ್ನನ್ನ ಫೋನಮ್ಮ ಅಂತಾಳೆ."

ಬಂದವಳು ಆ ಮಾತನ್ನು ಹಾಗೇ ಬರೆದುಕೊಂಡಳು.

ಎಂಟು ತಿಂಗಳು ಹಿಡಿಯಿತು. ಬ್ರಾಂಡ್ ಬಟ್ಟೆಗೆ ಕೊಡುವ ಬೆಲೆ ಏರಿಸಿತು. ಏರಿದ್ದು ಕೂಲಿಗೇ ಸೇರಬೇಕು, ಅದನ್ನು ಸಂಘ ನೋಡಿಕೊಳ್ಳಬೇಕು ಎಂದು ಬರೆದುಕೊಟ್ಟಿತು. ಓಟಿಯಿಲ್ಲದೆಯೂ ಸಂಸಾರ ತೂಗುವಂತಾಯಿತು. ಸಂಜೆ ಬೇಗ ಮನೆ ಸೇರಬಹುದು, ಹಗಲು ಮಗುವಿಗೆ ಅಂಗನವಾಡಿ ಇತ್ತು. "ಕೂಗಿದ್ರೆ ಕೇಳುತ್ತೆ ಕಣೇ" ಎಂದ ಗಂಡ, ತನ್ನ ಗೋದಾಮಿನ ಸಂಘಕ್ಕೂ ಹೆಸರು ಬರೆಸಿದ.

ಊರಿನಿಂದ ಮಗು ಬಂತು. ಬಂದದ್ದೇ ಅಜ್ಜಿಯ ಸೆರಗಿನ ಹಿಂದೆ ಅಡಗಿತು. ಅಜ್ಜಿ ಊರಿಗೆ ಹೊರಟ ಮೇಲೆ ಎರಡು ದಿನ ಬಾಗಿಲಲ್ಲೇ ಕೂತು ದಾರಿ ನೋಡಿತು. ರಜೆ ಹಾಕಿದ್ದ ತಾಯಿ ಒಂದು ಮಾರು ದೂರದಲ್ಲಿ ಕೂತಳು. ಕೂಲಿ ಹೆಚ್ಚಿತು, ಕಳೆದ ವರ್ಷಗಳನ್ನು ಯಾರು ತಂದುಕೊಟ್ಟಾರು? ಮೂರನೆಯ ಬೆಳಿಗ್ಗೆ ಮಗು ಬಾಚಣಿಗೆ ತಂದು, ಬೆನ್ನು ತಿರುಗಿಸಿ ಅವಳ ಮುಂದೆ ಕೂತಿತು.

ಅಕ್ಕಂದಿರೇ, ಅಣ್ಣಂದಿರೇ, ನೀವು ಹೊಲಿಯುವವರಾದರೆ ಸಂಬಳದ ಚೀಟಿ ಜೋಪಾನವಾಗಿಡಿ, ಸಂಘ ಸೇರಿ, ಜೊತೆಯಾಗಿ ಕೇಳಿ. ಕೊಳ್ಳುವವರಾದರೆ ನಿಮ್ಮ ಬ್ರಾಂಡಿಗೆ ಒಂದೇ ಸಾಲು ಬರೆಯಿರಿ: 'ಇದನ್ನು ಹೊಲಿದವರಿಗೆ ಬದುಕುವಷ್ಟು ಕೂಲಿ ಕೊಡುತ್ತೀರಾ?' ಉತ್ತರ ಬರುವವರೆಗೂ ಬಿಡಬೇಡಿ.