ಹದಿನೇಳನೆಯ ಮೆಟ್ಟಿಲು

ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಸೀಟು ಸಿಕ್ಕಿದ ಮೇಲೆ ಆ ಹುಡುಗಿ ಕಂಡಕಂಡವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಸೇರುವ ಮೊದಲು ಏನು ತಿಳ್ಕೊಂಡಿರಬೇಕು? ಮನೆಯಲ್ಲಿ ಅವಳನ್ನು ಕಡ್ಡಿ ಅಂತ ಕರೆಯುತ್ತಿದ್ದರು. ಸಣಕಲು ಮೈಗೆ ಬಿದ್ದ ಹೆಸರು ಅದು; ಅನ್ನಿಸಿದ್ದನ್ನು ಕಡ್ಡಿ ಮುರಿದ ಹಾಗೆ ಹೇಳುವ ಸ್ವಭಾವ ಆಮೇಲೆ ಬಂದು ಸೇರಿಕೊಂಡಿತು. ಕಾಲೇಜಿನವರು ಕಳಿಸಿದ ಪಟ್ಟಿಯಲ್ಲಿ ಪೆನ್ಸಿಲುಗಳ ನಂಬರು, ರಟ್ಟು ಕತ್ತರಿಸುವ ಬ್ಲೇಡು, ಡ್ರಾಯಿಂಗ್ ಬೋರ್ಡಿನ ಅಳತೆ ಇಷ್ಟೇ ಇತ್ತು. ಅದೇ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದ ಎದುರುಮನೆ ಅಕ್ಕ ಇನ್ನಷ್ಟು ಸೇರಿಸಿದಳು. "ಈಗಲೇ ಚೆನ್ನಾಗಿ ನಿದ್ದೆ ಮಾಡ್ಕೊ. ವಾರಗಟ್ಟಲೆ ಬೆನ್ನು ಬಗ್ಗಿಸಿ ಮಾಡಿದ ಮಾಡೆಲ್ಲನ್ನ ಹತ್ತು ಜನದ ಎದುರು ಇಟ್ಟು ಇದೇನಮ್ಮ, ಚಪ್ಪಲಿ ಡಬ್ಬನಾ ಅಂತ ಕೇಳ್ತಾರೆ. ಅಳು ಬಂದ್ರೆ ಅಲ್ಲಿ ಅಳಬೇಡ, ಹೊರಗೆ ಬಂದು ಅಳು."

ಕಾಲೇಜು ತೆರೆಯಲು ಇನ್ನೂ ಆರು ವಾರ ಇರುವಾಗ ದೊಡ್ಡಪ್ಪ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಅವಳ ಅಮ್ಮನಿಗೆ ಹೇಳಿದರು, "ಕಡ್ಡೀನ ನಾಳೆಯಿಂದ ಅಂಗಡಿಗೆ ಕಳಿಸು. ಮನೆ ಕಟ್ಟೋ ಓದು ಓದ್ತಾಳಂತಲ್ಲ, ಮೊದಲು ಮರ ಅಂದ್ರೆ ಏನು ಅಂತ ನೋಡಲಿ."

ಅವರು ಹೋದ ಮೇಲೆ ಅಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿ, "ಸುಮ್ಮನೆ ಕರೆಯೋ ಪೈಕಿ ಅಲ್ಲ ನಿನ್ನ ದೊಡ್ಡಪ್ಪ. ಏನೋ ಇದೆ" ಎಂದಳು.

ಏನೋ ಇದೆ ಅಂತ ಕಡ್ಡಿಗೂ ಅನ್ನಿಸಿತ್ತು. ದೊಡ್ಡಪ್ಪ ಬಡಗಿ. ನಲವತ್ತು ವರ್ಷದಿಂದ ಮೆಟ್ಟಿಲು, ಬಾಗಿಲು ಬಿಟ್ಟು ಬೇರೆ ಕೆಲಸ ಮುಟ್ಟಿದವರಲ್ಲ. ಅಷ್ಟೂ ವರ್ಷ ಅಂಗಡಿಯೊಳಗೆ ಇನ್ನೊಬ್ಬರ ನೆರಳು ಬೀಳಲು ಬಿಟ್ಟವರಲ್ಲ. ಬೇರೆಯವರ ಟೇಪನ್ನು ನಂಬುತ್ತಿರಲಿಲ್ಲ, ಮರದ ವ್ಯಾಪಾರಿ ಹಾಕಿದ ಗುರುತನ್ನು ನಂಬುತ್ತಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ವಾಪಸ್ ಬಂದು ಎರಡು ಸಲ ಜಗ್ಗಿ ನೋಡುತ್ತಿದ್ದರು. ಆರ್ಕಿಟೆಕ್ಟುಗಳ ಬಗ್ಗೆಯಂತೂ ಕೇಳುವುದೇ ಬೇಡ. "ಪೇಪರ್ ಮೇಲೆ ಮನೆ ಕಟ್ಟಿ, ಬಿದ್ರೆ ನಮ್ಮ ತಲೆಗೆ ಕಟ್ಟೋ ಜನ" ಅನ್ನುತ್ತಿದ್ದರು. ಅಂಥವರು ತಾವಾಗಿಯೇ ಕರೆದರೆ? ಕಾಲೇಜಿನ ಆಸೆ ಬಿಡಿಸಲೆಂದೇ ಕರೆದಿದ್ದಾರೆ ಅಂತ ಕಡ್ಡಿ ತೀರ್ಮಾನಿಸಿದಳು. ಆದರೂ ಹೋದಳು, ಬಿಡಿಸಲಿ ನೋಡೋಣ ಅಂತ.

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ ಇತ್ತು. ಒಂದು ಗೋಡೆಗೆ ಹಲಗೆಗಳು ಒರಗಿದ್ದವು, ಇನ್ನೊಂದಕ್ಕೆ ಉಳಿಗಳು ಗಾತ್ರದ ಪ್ರಕಾರ ಸಾಲಾಗಿ. ಉಳಿ ಮುಟ್ಟುವಂತಿಲ್ಲ, ಗರಗಸ ಮುಟ್ಟುವಂತಿಲ್ಲ. ಕಿಟಕಿ ಹತ್ತಿರ ಒಂದು ಸ್ಟೂಲು ಹಾಕಿಕೊಟ್ಟು ಕೈಗೆ ಡ್ರಾಯಿಂಗ್ ಹಾಳೆಗಳನ್ನು ಕೊಟ್ಟರು.

"ಓದು. ಜೋರಾಗಿ."

"ಯಾವುದನ್ನ?"

"ಇರೋದನ್ನೆಲ್ಲ. ಉದ್ದ, ಅಗಲ, ಎತ್ತರ. ಓದದೆ ಹೆಂಗೆ ಕಲೀತೀಯ?"

ಅವಳು ಓದುತ್ತಿದ್ದಳು. ಅವರು ಹಲಗೆ ಮೇಲೆ ಟೇಪು ಹಿಡಿದು ಚಾಕುವಿನ ತುದಿಯಿಂದ ಗೀರು ಹಾಕುತ್ತಿದ್ದರು. ಬೇರೆ ಬಡಗಿಗಳ ಹಾಗೆ ಪೆನ್ಸಿಲ್ ಬಳಸುತ್ತಿರಲಿಲ್ಲ. ಹಾಕಿದ ಗೀರಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿ ಹೂಂ ಅನ್ನುತ್ತಿದ್ದರು. ಹಳಬರ ಕೆಲಸ ಅಂದರೆ ಹೀಗೇ ಇರಬೇಕು ಅಂತ ಅವಳು ಅಂದುಕೊಂಡಳು. ಆದರೆ ಒಂದು ವಿಷಯ ಅವಳಿಗೆ ಸರಿಬರಲಿಲ್ಲ. ದಿನಕ್ಕೊಮ್ಮೆಯಾದರೂ ಬೇರೆ ಕೆಲಸ ಬಿಟ್ಟು ಒಂದೇ ಮನೆಯ ಹಾಳೆಗಳನ್ನು ಓದಿಸುತ್ತಿದ್ದರು. ಅದು ಯಾರೋ ಡಾಕ್ಟರ ಹೊಸ ಮನೆ. ಅದರ ಮೆಟ್ಟಿಲು ಮಾಡಿ, ಕೂರಿಸಿ ಎರಡು ತಿಂಗಳಾಗಿತ್ತು. ಮುಗಿದ ಕೆಲಸದ ಹಾಳೆ ಮತ್ತೆ ಯಾಕೆ?

ಎರಡನೇ ವಾರ ದೊಡ್ಡಪ್ಪ ಸ್ಕ್ರೂ ತರಲು ಹೋಗಿದ್ದಾಗ ಟೈಲ್ಸ್ ಕೆಲಸದವನು ನೇರವಾದ ಮರದ ಪಟ್ಟಿಯೊಂದನ್ನು ಕೇಳಿಕೊಂಡು ಬಂದ. ಬಾಯಿ ಬಿಗಿ ಇಲ್ಲದ ಮನುಷ್ಯ.

"ಆ ಡಾಕ್ಟರ ಮನೆ ಗಲಾಟೆ ಏನಾಯ್ತಮ್ಮ?"

"ಯಾವ ಗಲಾಟೆ?"

"ಗೊತ್ತಿಲ್ವಾ? ಡಾಕ್ಟರ ತಾಯಿ ಮನೆ ನೋಡೋಕೆ ಬಂದು ಕೊನೇ ಮೆಟ್ಟಿಲಲ್ಲಿ ಎಡವಿ ಬಿದ್ರಲ್ಲ. ಮುಂಗೈ ಮೂಳೆ ಮುರೀತು. ಬಡಗಿ ಅಳತೆ ತಪ್ಪಿದಾನೆ ಅಂತ ಆರ್ಕಿಟೆಕ್ಟ್ ಮೇಡಂ ಹೇಳ್ತಾರೆ. ನಿಮ್ಮ ದೊಡ್ಡಪ್ಪ ತುಟಿ ಪಿಟಕ್ ಅಂದಿಲ್ಲ."

"ಯಾವ ಮೇಡಂ?"

ಅವನು ಹೇಳಿದ. ಕಡ್ಡಿ ಸೇರಲಿದ್ದ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಪಾಠ ಮಾಡುವ ಮೇಡಂ ಅವರೇ.

ಕಡ್ಡಿಗೆ ಎಲ್ಲ ಅರ್ಥವಾದಂತೆ ಅನ್ನಿಸಿತು. ದೊಡ್ಡಪ್ಪನಿಗೆ ಆ ಮೇಡಂ ತಪ್ಪು ಹಿಡಿಯಬೇಕಾಗಿದೆ. ಅದಕ್ಕೆ ಓದು ಬಲ್ಲವಳೊಬ್ಬಳು ಬೇಕು. ಕಾಲೇಜಿಗೆ ಕಾಲಿಡುವ ಮೊದಲೇ ತನ್ನನ್ನು ತನ್ನ ಟೀಚರ ಮೇಲೆ ಎತ್ತಿಕಟ್ಟುತ್ತಿದ್ದಾರೆ. ಕಲಿಸುವ ನೆಪ, ಓದಿಸುವ ನೆಪ. ಸಂಜೆ ದೊಡ್ಡಪ್ಪ ಬೀಗ ಜಗ್ಗುವುದನ್ನು ನೋಡುತ್ತ ನಿಂತವಳಿಗೆ ಮೊದಲ ಸಲ ಅವರ ಮೇಲೆ ಕೋಪ ಬಂತು.

ಮಾರನೇ ದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಬದಲು ತನ್ನದೇ ಟೇಪು ಹಿಡಿದು ಡಾಕ್ಟರ ಮನೆಗೆ ಹೋದಳು. ಟೈಲ್ಸಿನವನು ಕೆಳಗೆ ಸ್ನಾನದಮನೆಯಲ್ಲಿ ಕೆಲಸ ಮಾಡುತ್ತಿದ್ದ. ಒಳಗೆ ಸಿಮೆಂಟಿನ ಒದ್ದೆ ವಾಸನೆ. ಮೆಟ್ಟಿಲು ನೋಡಿ ಅವಳ ಕೋಪ ಅರ್ಧ ಇಳಿಯಿತು. ಅಷ್ಟು ಚೆಂದ ಇತ್ತು ಅದು. ಒಂದೇ ಒಂದು ಹಲಗೆ ಕಿರುಗುಟ್ಟಲಿಲ್ಲ. ಕಣ್ಣು ಮುಚ್ಚಿ, ಕಟಕಟೆ ಹಿಡಿದು ಹತ್ತಿದಳು. ಹದಿನಾರು ಸಲ ಕಾಲು ತಾನಾಗಿ ಎದ್ದು ತಾನಾಗಿ ಕೂತಿತು. ಹದಿನೇಳನೇ ಸಲ ಬೆರಳು ಕಲ್ಲಿನ ಅಂಚಿಗೆ ತಾಗಿ ಮುಗ್ಗರಿಸಿದಳು.

ಅಳೆದು ನೋಡಿದಳು. ಹದಿನಾರು ಮೆಟ್ಟಿಲೂ ಹದಿನೇಳು ಸೆಂಟಿಮೀಟರ್. ಕೂದಲೆಳೆ ಹೆಚ್ಚು ಕಡಿಮೆ ಇಲ್ಲ. ಕೊನೆಯದು ಇಪ್ಪತ್ತು.

"ನೀನು ಹಾಸಿದ್ದು ಇಷ್ಟು ದಪ್ಪ ಕಲ್ಲು ಯಾಕೆ?" ಎಂದು ಟೈಲ್ಸಿನವನನ್ನು ಮೇಲಿನಿಂದಲೇ ಕೇಳಿದಳು.

"ನಾನಾಗೇ ಯಾಕಮ್ಮ ಹಾಸ್ಲಿ? ಮೊದಲು ಮೇಲ್ಗಡೆ ತೆಳು ಟೈಲ್ಸ್ ಅಂತಿತ್ತು. ಆಮೇಲೆ ಮೇಡಂ ಕಲ್ಲು ಅಂತ ಬದಲಾಯಿಸಿ ಹೊಸ ಹಾಳೆ ಕೊಟ್ರು. ಮೆಟ್ಟಿಲು ಕೂರಿಸಿದಾಗ ಮೇಲೆ ಬರೀ ಸಿಮೆಂಟು. ಕಲ್ಲು ಹಾಸಿದ್ದು ಅದಾದ್ಮೇಲೆ."

ಅಂದರೆ ತಪ್ಪು ಮೇಡಮ್ಮಿನದೇ! ಹಾಳೆ ಬದಲಾಯಿಸಿ ಬಡಗಿಗೆ ಹೇಳಲಿಲ್ಲ. ಕಡ್ಡಿಗೆ ಖುಷಿಯಾಯಿತು, ಮರುಕ್ಷಣವೇ ಹೆದರಿಕೆಯೂ ಆಯಿತು.

"ಆ ಹಾಳೆ ನಮ್ಮ ದೊಡ್ಡಪ್ಪನಿಗೆ ಕೊಡಲೇ ಇಲ್ವಾ?"

"ಕೊಡದೆ ಏನು, ನಾನೇ ತಗೊಂಡು ಹೋಗಿ ಕೈಗೆ ಕೊಟ್ಟೆ. ಮೆಟ್ಟಿಲಿಗೆ ಮರ ಕೊಯ್ಯೋಕ್ಕಿಂತ ಮುಂಚೆ."

ಇವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿತು ಅವಳಿಗೆ. ಮೇಡಮ್ಮಿನ ಕೆಲಸ ನಂಬಿ ಬದುಕುವವನು, ಅವರ ಪರ ಹೇಳದೆ ಇನ್ನೇನು?

ಆದರೆ ಅಂಗಡಿಗೆ ಬಂದು ನೋಡಿದರೆ, ಬಾಗಿಲ ಹಿಂದೆ ಮೊಳೆಗೆ ತಗುಲಿಸಿದ ಕಟ್ಟಿನಲ್ಲಿ ಆ ಹಾಳೆ ಇತ್ತು. ಬಚ್ಚಿಟ್ಟಿರಲಿಲ್ಲ, ಹರಿದಿರಲಿಲ್ಲ, ಇರಬೇಕಾದ ಜಾಗದಲ್ಲೇ ಇತ್ತು. ಮೂಲೆಯಲ್ಲಿ ನೋಡಿದ್ದೇನೆ ಅನ್ನುವುದಕ್ಕೆ ದೊಡ್ಡಪ್ಪ ಹಾಕುವ ಗೀಟೂ ಇತ್ತು. ಇಷ್ಟು ದಿನ ಅವಳಿಗೆ ಓದಿಸುತ್ತಿದ್ದದ್ದು ಹಳೆಯ ಹಾಳೆ. ಎರಡನ್ನೂ ಪಕ್ಕಪಕ್ಕ ಹಿಡಿದಳು. ನೋಡಲು ಒಂದೇ ಮೆಟ್ಟಿಲು. ಒಂದರಲ್ಲಿ ಒಟ್ಟು ಎತ್ತರ ಇನ್ನೂರ ಎಂಬತ್ತೊಂಬತ್ತು, ಇನ್ನೊಂದರಲ್ಲಿ ಇನ್ನೂರ ತೊಂಬತ್ತೆರಡು. ಬದಲಾದ ಅಂಕಿಗೆ ಸುತ್ತು ಇಲ್ಲ, ಬಣ್ಣ ಇಲ್ಲ. ಇರುವೆ ಗಾತ್ರದ ಅಕ್ಷರ.

ನೋಡಿ ಗೀಟು ಹಾಕಿದವರು ಹಳೇ ಅಳತೆಗೆ ಯಾಕೆ ಮರ ಕೊಯ್ದರು? ಚಾಕುವಿನ ಗೀರು, ಉಗುರು ಆಡಿಸುವುದು, ಜೋರಾಗಿ ಓದು ಅನ್ನುವುದು ಒಂದೊಂದಾಗಿ ನೆನಪಾದವು. ಮಧ್ಯಾಹ್ನ ಅವಳೊಂದು ಕೆಟ್ಟ ಕೆಲಸ ಮಾಡಿದಳು. ಬಾಗಿಲೊಂದರ ಹಾಳೆ ಓದುವಾಗ ಬೇಕೆಂದೇ ತೊಂಬತ್ತೈದನ್ನು ಎಂಬತ್ತೈದು ಅಂದಳು. ಹಾಳೆ ಅವರ ಮೂಗಿನ ಮುಂದೆಯೇ ಇತ್ತು. ದೊಡ್ಡಪ್ಪ ಅದರ ಮೇಲೆ ಬಗ್ಗಿ ನೋಡಿ, "ಎಂಬತ್ತೈದು, ಸರಿ" ಎಂದು ಚಾಕು ಎತ್ತಿದರು.

"ಬೇಡ, ಗೀರಬೇಡಿ!" ಕಡ್ಡಿ ಅವರ ಕೈ ಹಿಡಿದಳು. "ತೊಂಬತ್ತೈದು ಅದು. ನಾನು ಸುಳ್ಳು ಓದಿದೆ."

ದೊಡ್ಡಪ್ಪ ಚಾಕು ಕೆಳಗಿಟ್ಟರು. ಬಯ್ಯುತ್ತಾರೆ ಅಂತ ಕಾದಳು. ಬಯ್ಯಲಿಲ್ಲ.

"ಗೊತ್ತಾಯ್ತಾ?"

"ಯಾವಾಗಿಂದ?"

"ಒಂದು ವರ್ಷ ಇರಬೇಕು. ದೂರದ್ದು ಕಾಣುತ್ತೆ. ಹತ್ತಿರದ್ದಕ್ಕೆ ಹಾಲು ಚೆಲ್ಲಿದ ಹಾಗೆ. ಟೇಪಿನ ಮೇಲೆ ಸೆಂಟಿಮೀಟರಿಗೊಂದು ಗೀರು ಹಾಕಿಟ್ಕೊಂಡು ಉಗುರಲ್ಲೇ ಎಣಿಸ್ತೀನಿ." ಕೈಗೆ ಅಂಟಿದ ಮರದ ಪುಡಿಯನ್ನು ಒಂದೊಂದೇ ಬೆರಳಿನಿಂದ ತೆಗೆಯತೊಡಗಿದರು. "ಆ ಅಮ್ಮ ಬಿದ್ದಾಗ ಮೊದಲು ಟೈಲ್ಸಿನವನ ಮೇಲೆ ಅನುಮಾನ ಬಂತು. ಆಮೇಲೆ ಆ ಮೇಡಂ ಮೇಲೆ. ಮರ ಕುಗ್ಗಿರಬೇಕು ಅಂತ ಮರದ ಮೇಲೂ ಬಂತು. ಎಲ್ಲರೂ ಮುಗಿದ ಮೇಲೆ ನಾನೊಬ್ಬನೇ ಉಳಿದೆ."

"ನೇರವಾಗಿ ಹೇಳಿದ್ರೆ ನಾನೇ ನೋಡಿ ಹೇಳ್ತಿರಲಿಲ್ವಾ? ಹೊಸ ಹಾಳೆ ಯಾಕೆ ಕೊಡಲಿಲ್ಲ ನನಗೆ?"

"ಯಾವುದು ಹೊಸದು, ಯಾವುದು ಹಳೇದು ಅಂತ ಗೊತ್ತಾಗಿದ್ರೆ ಇಷ್ಟೆಲ್ಲ ಯಾಕೆ? ಮೊದಲ ಹಾಳೆ ಕೊಡುವಾಗ ಆ ಮೇಡಂ ಬಾಯಲ್ಲೇ ಹೇಳಿದ ಅಳತೆ ತಲೇಲಿತ್ತು, ಅದಕ್ಕೇ ಕೊಯ್ದೆ. ಇನ್ನು, ಹೇಳಿದ್ರೆ ನೀನು ನನಗೆ ಬೇಕಾದ ಉತ್ತರ ಹುಡುಕ್ತಿದ್ದೆ. ದೊಡ್ಡಪ್ಪ ಅಲ್ವಾ. ನನ್ನ ಮೇಲೆ ಅನುಮಾನ ಇರೋರು ಬೇಕಿತ್ತು."

ಅನುಮಾನ ತನಗೆ ಎಷ್ಟು ಇತ್ತು ಅಂತ ಕಡ್ಡಿ ಹೇಳಲಿಲ್ಲ. ಹಲಗೆ ಮೇಲೆ ಅವರ ಪಕ್ಕ ಕೂತಳು. ಕಣ್ಣಿನ ವಿಷಯ ಗೊತ್ತಾದರೆ ಯಾರೂ ಕೆಲಸ ಕೊಡುವುದಿಲ್ಲ ಅನ್ನುವ ಹೆದರಿಕೆಯಲ್ಲಿ ದೊಡ್ಡಮ್ಮನಿಗೂ ಅವರು ಬಾಯಿ ಬಿಟ್ಟಿರಲಿಲ್ಲ.

ಎರಡು ದಿನ ಬಿಟ್ಟು ಇಬ್ಬರೂ ಮೇಡಮ್ಮಿನ ಆಫೀಸಿಗೆ ಹೋದರು. ಮೇಡಂ ಅವರನ್ನು ಕೂರಿಸಿ, ಡಾಕ್ಟರ ಮನೆಯ ಇಡೀ ಫೈಲು ಮೇಜಿನ ಮೇಲೆ ತೆಗೆದಿಟ್ಟುಕೊಂಡರು. ಜೊತೆಗೆ ಸಹಾಯಕನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಸಾಕ್ಷಿಗೆ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

"ತಪ್ಪು ನನ್ನದು," ದೊಡ್ಡಪ್ಪ ಹೇಳಿದರು. "ಹಾಳೆ ಬಂದಿತ್ತು. ನನಗೆ ಓದೋಕಾಗಲಿಲ್ಲ. ಕಣ್ಣು ಮಂಜಾಗಿದೆ."

ಮೇಡಂ ಜಗಳಕ್ಕೆ ಸಿದ್ಧವಾಗಿದ್ದರು, ಇದಕ್ಕೆ ಸಿದ್ಧವಾಗಿರಲಿಲ್ಲ. ಸಹಾಯಕನ ಮುಖ ನೋಡಿದರು. "ಸರಿ, ಈಗ ನಿಮಗೆ ಏನು ಬೇಕು?"

"ಏನೂ ಬೇಡ. ಮೆಟ್ಟಿಲು ಮತ್ತೆ ಮಾಡ್ತೀನಿ."

"ಅಷ್ಟೇನಾ?"

"ಅಷ್ಟೇ."

ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಕಡ್ಡಿಗೆ ಸುಮ್ಮನಿರಲು ಆಗಲಿಲ್ಲ. ಎರಡೂ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿದಳು. "ಬದಲಾದದ್ದು ಯಾವುದು ಅಂತ ಇದರಲ್ಲಿ ಎಲ್ಲೂ ಗುರುತು ಇಲ್ಲ. ಕಣ್ಣು ಚೆನ್ನಾಗಿರೋ ನಾನೇ ಎರಡನ್ನೂ ಜೋಡಿಸಿಟ್ಟು ಹುಡುಕಬೇಕಾಯ್ತು."

"ನೀನು ಯಾರು?"

ಮೇಜಿನ ಕೆಳಗೆ ದೊಡ್ಡಪ್ಪ ಅವಳ ಕಾಲು ತುಳಿದರು.

"ಅವರ ತಮ್ಮನ ಮಗಳು. ಮುಂದಿನ ತಿಂಗಳು ನಿಮ್ಮ ಕಾಲೇಜಿಗೆ ಸೇರ್ತೀನಿ."

ಸಹಾಯಕ ಕೆಮ್ಮಿದ. ಮೇಡಂ ಹಾಳೆ ಎತ್ತಿಕೊಂಡು ಕಿಟಕಿ ಹತ್ತಿರ ಹೋದರು. ಕನ್ನಡಕ ತೆಗೆದರು, ಹಾಕಿಕೊಂಡರು, ಹಾಳೆಯನ್ನು ದೂರ ಹಿಡಿದರು. ಆಮೇಲೆ ವಾಪಸ್ ಬಂದು ಅವರ ಎದುರಿಗೇ ಡಾಕ್ಟರಿಗೆ ಫೋನು ಮಾಡಿದರು. ಮೆಟ್ಟಿಲ ತಪ್ಪು ಬಡಗಿಯದೊಂದೇ ಅಲ್ಲ, ನನ್ನ ಡ್ರಾಯಿಂಗಿನದ್ದೂ ಇದೆ, ನಿಮ್ಮ ಅಮ್ಮನನ್ನು ನೋಡಲು ನಾನೇ ಬರುತ್ತೇನೆ ಎಂದರು. ಫೋನಿಟ್ಟು ಕಡ್ಡಿಯ ಕಡೆ ತಿರುಗಿದರು.

"ಮಾರ್ಕ್ಸ್ ಕೊಡೋದ್ರಲ್ಲಿ ನಾನು ಜಿಪುಣಿ. ಅದಕ್ಕೂ ಇವತ್ತಿನ ಮಾತಿಗೂ ಸಂಬಂಧ ಇಲ್ಲ. ಮೊದಲೇ ತಿಳ್ಕೊಂಡಿರು."

ರಸ್ತೆಗೆ ಬಂದ ಮೇಲೆ ದೊಡ್ಡಪ್ಪ ಹೇಳಿದರು, "ಅಷ್ಟು ಬೇಗ ಒಪ್ಕೊಂಡುಬಿಟ್ರಲ್ಲ, ಏನೋ ಇದೆ."

"ನಿಮ್ಮನ್ನ ನೋಡಿ ಅವರೂ ಅದನ್ನೇ ಅಂದ್ಕೊಂಡಿರ್ತಾರೆ," ಎಂದಳು ಕಡ್ಡಿ.

ಉಳಿದ ಮೂರೂವರೆ ವಾರ ಅವರು ಆ ಮೆಟ್ಟಿಲನ್ನೇ ಮಾಡಿದರು. ಹೆಚ್ಚಿದ ಮೂರು ಸೆಂಟಿಮೀಟರನ್ನು ಹದಿನೇಳಕ್ಕೂ ಹಂಚಬೇಕಿತ್ತು. ಒಂದೊಂದಕ್ಕೆ ಎರಡು ಮಿಲಿಮೀಟರೂ ಪೂರ್ತಿ ಬರುತ್ತಿರಲಿಲ್ಲ. ಅದಕ್ಕಾಗಿ ಎರಡೂ ಪಕ್ಕದ ಉದ್ದ ಹಲಗೆಗಳನ್ನು ಹೊಸದಾಗಿಯೇ ಕೊಯ್ಯಬೇಕಾಯಿತು. ಅವಳು ಅಂಕಿ ಓದುವಳು, ಅವರು ತಿರುಗಿ ಹೇಳುವರು, ಅವಳು ಮತ್ತೊಮ್ಮೆ ಓದುವಳು, ಆಮೇಲೆ ಚಾಕು. ಅವಳ ಓದಿನ ಮೇಲೆ ದೊಡ್ಡಪ್ಪನಿಗೆ ನಂಬಿಕೆ ಬಂತು ಅಂತಲ್ಲ. ದಿನಕ್ಕೆರಡು ಸಲ "ಸುಳ್ಳು ಓದ್ತಿಲ್ಲ ತಾನೇ?" ಅಂತ ಕೇಳುತ್ತಿದ್ದರು. ಕೊನೆಯ ವಾರ ಗರಗಸ ಹಿಡಿಯಲು ಬಿಟ್ಟರು. ಅವಳು ಕೊಯ್ದ ಮೊದಲ ಹಲಗೆ ಓರೆಯಾಯಿತು. ಕಾಗದದ ಮೇಲೆ ಅರೆ ನಿಮಿಷದಲ್ಲಿ ಎಳೆಯುವ ಗೆರೆಗೆ ಅವಳ ಭುಜ ಎರಡು ದಿನ ನೋಯಿತು.

ಮೆಟ್ಟಿಲು ಕೂರಿಸಿದ ಮೇಲೆ ಹತ್ತಲು ಬಂದವರು ಯಾರೂ ಎಡವಲಿಲ್ಲ. ಡಾಕ್ಟರ ತಾಯಿ ಮಾತ್ರ ಮೇಲಿನ ರೂಮು ತನಗೆ ಬೇಡವೇ ಬೇಡ ಎಂದು ಕೆಳಗೇ ಉಳಿದರು. ದೊಡ್ಡಪ್ಪ ಆ ವಿಷಯ ಕೇಳಿ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಕಡ್ಡಿ ಕಾಲೇಜಿಗೆ ಹೋದಳು. ಅವಳ ಮೊದಲ ಮಾಡೆಲ್ಲಿಗೆ ಮೇಡಂ ಹತ್ತಕ್ಕೆ ನಾಲ್ಕು ಕೊಟ್ಟರು. ಆ ನಾಲ್ಕು ಮಾಡೆಲ್ಲಿನದ್ದೋ ಆಫೀಸಿನಲ್ಲಿ ಆಡಿದ ಮಾತಿನದ್ದೋ ಅಂತ ಅವಳು ಒಂದು ವಾರ ತಲೆ ಕೆಡಿಸಿಕೊಂಡಳು. ಆಮೇಲೆ ಕ್ಲಾಸಿನಲ್ಲಿ ಯಾರಿಗೂ ಐದು ದಾಟಿಲ್ಲ ಅಂತ ಗೊತ್ತಾಗಿ ಸ್ವಲ್ಪ ನಿರಾಳವಾಯಿತು.

ಆ ತಿಂಗಳ ಕೊನೆಗೆ ದೊಡ್ಡಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ನಾಲ್ಕನೇ ದಿನ ಫೋನು ಮಾಡಿದರು.

"ಕಡ್ಡಿ, ನಾನಿಲ್ಲದಾಗ ಅಂಗಡಿಗೆ ಯಾರೋ ಬಂದಿದ್ರು."

"ಯಾಕೆ ದೊಡ್ಡಪ್ಪ, ಏನಾದ್ರೂ ಹೋಗಿದ್ಯಾ?"

"ಹೋಗಿಲ್ಲ. ಹೋದ ವರ್ಷ ನಾನು ಮಾಡಿಟ್ಟಿದ್ದ ಆ ಬಾಗಿಲು ಇದೆಯಲ್ಲ, ಅದರ ತುಂಬ ಗೀರು, ಉಬ್ಬು. ಪಾಲಿಶ್ ಬೇರೆ ಅರ್ಧಂಬರ್ಧ. ಯಾರೋ ಬೇಕಂತಲೇ ಹಾಳು ಮಾಡಿದ್ದಾರೆ."

ಕಡ್ಡಿ ನಗು ತಡೆದುಕೊಂಡಳು. "ಬೀಗ ಸರಿಯಾಗಿತ್ತಾ?"

"ಬೀಗ ಸರಿಯಾಗೇ ಇತ್ತು," ಎಂದರು ದೊಡ್ಡಪ್ಪ. ಆಮೇಲೆ ಆ ಕಡೆಯಿಂದ ಮರಕ್ಕೆ ಉಜ್ಜುಕಾಗದ ಹಾಕುವ ಸದ್ದು ಕೇಳಿಸಿತು.